ಟೋ ಟ್ರಕ್‌ನವರೂ ವಾಷಿಂಗ್ಟನ್‌ಗೆ ಹೋಗಲಿ ಬಿಡಿ

ಅಮೆರಿಕದಲ್ಲಿರುವ ಓದುಗರೊಬ್ಬರು ಸಿಟ್ಟಿನಿಂದ ಬರೆದಿದ್ದಾರೆ. ಅಪಾರ್ಟ್‌ಮೆಂಟಿನ ಮುಂದೆ ನಿಲ್ಲಿಸಿದ್ದ ಅವರ ಕಾರನ್ನು ರಾತ್ರೋರಾತ್ರಿ ಟೋ ಮಾಡಿದರಂತೆ. ಬಿಡಿಸಿಕೊಳ್ಳಲು ತೆತ್ತ ಡಾಲರ್‌ಗಳ ಲೆಕ್ಕವೂ ಪತ್ರದಲ್ಲಿದೆ. ಕೊನೆಯ ಸಾಲು ಹೀಗಿದೆ: "ಈ ಟೋ ಟ್ರಕ್‌ನವರೂ ಸಂಘ ಕಟ್ಟಿಕೊಂಡು ವಾಷಿಂಗ್ಟನ್‌ಗೆ ಹೋಗಿ ಕಾಂಗ್ರೆಸ್ (ಇಲ್ಲಿನ ಸಂಸತ್ತು) ಸದಸ್ಯರ ಬಾಗಿಲು ತಟ್ಟುತ್ತಾರಂತೆ. ದೋಚುವವರಿಗೂ ಲಾಬಿಯೇ?"

ದೋಚುವವರು ಇದ್ದಾರೆ, ಒಪ್ಪಿದೆ. ಆದರೆ ಸ್ವಾಮಿ, ನಿಮ್ಮ ಸಿಟ್ಟಿನ ವಿಳಾಸ ತಪ್ಪಿದೆ. 1994ರಲ್ಲಿ ಕಾಂಗ್ರೆಸ್ಸು ಟ್ರಕ್ ಸಾಗಣೆಯ ದರದಲ್ಲಿ ರಾಜ್ಯಗಳು ಕೈಹಾಕಬಾರದು ಅಂದಿತು. ಟೋ ಟ್ರಕ್ಕೂ ಅದರೊಳಗೆ ಸಿಕ್ಕಿಕೊಂಡಿತು. ಮರುವರ್ಷವೇ ಅದನ್ನು ಸಡಿಲಿಸಿ, ಮಾಲೀಕರನ್ನು ಕೇಳದೆ ಎಳೆದೊಯ್ದ ಗಾಡಿಯ ದರವನ್ನು ರಾಜ್ಯಗಳು ಗೊತ್ತುಮಾಡಬಹುದು ಅಂತ ಬರೆದರು. ಅಂದರೆ ನೀವು ಕೇಳಬೇಕಾದದ್ದು ನಿಮ್ಮ ರಾಜ್ಯದ ಶಾಸಕರನ್ನು. ಕೇಳಿದಿರಾ? ಪತ್ರದಲ್ಲಿ ಆ ಸುದ್ದಿಯೇ ಇಲ್ಲ.

ಕೆಲವು ವರ್ಷಗಳ ಹಿಂದೆ ಮಗಳ ಮನೆಗೆ ಹೋಗಿದ್ದಾಗ ನಮ್ಮ ಕಾರು ಹೆದ್ದಾರಿಯ ಅಂಚಿನಲ್ಲಿ ಕೆಟ್ಟು ನಿಂತಿತು. ರಾತ್ರಿ, ಮೇಲೆ ಮಳೆ. ಬಂದ ಟೋ ಟ್ರಕ್‌ನವನು ಕಾರು ನೋಡುವ ಮೊದಲು ನಮ್ಮನ್ನು ನೋಡಿದ. "ತಡೆಬೇಲಿಯ ಆಚೆ ಹೋಗಿ ನಿಲ್ಲಿ" ಅಂದ. ಆಮೇಲೆ ಮಂಡಿಯೂರಿ ಚಕ್ರಕ್ಕೆ ಸರಪಳಿ ಹಾಕಿದ. ಪ್ರತಿ ಗಾಡಿ ಸದ್ದಿಗೂ ಕತ್ತು ತಿರುಗುತ್ತಿತ್ತು. ಕಾರನ್ನು ಮೇಲೆಳೆಯುವ ವಿಂಚ್ ಯಂತ್ರ ನಡೆಸುವಾಗಲೂ ರಸ್ತೆಬದಿಯ ಹಳ್ಳದ ಕಡೆಯ ಲಿವರನ್ನೇ ಹಿಡಿದ, ರಸ್ತೆ ಕಡೆಯದನ್ನು ಮುಟ್ಟಲಿಲ್ಲ. ಒಂದು ದೊಡ್ಡ ಟ್ರಕ್ ಮೊಣಕೈ ಅಂತರದಲ್ಲಿ ಹಾದುಹೋಯಿತು. ಅವನ ಟೋಪಿ ಹಾರಿತು. ಹುಡುಕಲು ಹೋಗಲಿಲ್ಲ.

ಟೆನ್ನೆಸೀ ರಾಜ್ಯದ ಚಾಟನೂಗಾದಲ್ಲಿ ಟೋ ಟ್ರಕ್‌ಗಳದೇ ಒಂದು ಮ್ಯೂಸಿಯಂ ಇದೆ. 1916ರಲ್ಲಿ ಅದೇ ಊರಿನ ಅರ್ನೆಸ್ಟ್ ಹೋಮ್ಸ್ ಟೋ ಟ್ರಕ್ ಮಾಡಿದ. ಹಳ್ಳಕ್ಕೆ ಬಿದ್ದ ಕಾರೊಂದನ್ನು ಹಗ್ಗ, ರಾಟೆ, ಆರು ಜನರ ತೋಳು ಸೇರಿಸಿ ಎತ್ತಿ ಸುಸ್ತಾದ ಮೇಲೆ ಹೊಳೆದ ಉಪಾಯ ಅದು. ಮ್ಯೂಸಿಯಂನ ಒಂದು ಗೋಡೆಯಲ್ಲಿ ಬರೀ ಹೆಸರುಗಳು. ರಸ್ತೆಬದಿಯ ಕೆಲಸದಲ್ಲಿ ಸತ್ತವರ ಹೆಸರುಗಳು.

ಲಾಬಿ ಯಾಕೆ ಅಂದಿರಲ್ಲ, ಕೇಳಿ. ಮಿನುಗು ದೀಪ ಹಾಕಿ ನಿಂತ ಗಾಡಿ ಕಂಡರೆ ನಿಧಾನಿಸಿ, ಪಕ್ಕದ ಲೇನಿಗೆ ಸರಿಯಿರಿ ಎಂಬ ಕಾನೂನು ಮೊದಲು ಬಂದದ್ದು 1996ರಲ್ಲಿ, ಸೌತ್ ಕೆರೊಲಿನಾದಲ್ಲಿ. ಅಲ್ಲಿ ಒಬ್ಬ ಆಂಬ್ಯುಲೆನ್ಸ್ ಕೆಲಸಗಾರನಿಗೆ ಕಾರು ಗುದ್ದಿತ್ತು. ತಪ್ಪು ಅವನದೇ ಅಂತ ವರದಿಯಲ್ಲಿ ಬರೆದರು! ಅವನು ಸುಮ್ನೆ ಕೂರಲಿಲ್ಲ, ಕಾನೂನೇ ಬರುವಂತೆ ಮಾಡಿದ. ಐವತ್ತು ರಾಜ್ಯಗಳಲ್ಲಿ ಕೊನೆಯದಾಗಿ ಹವಾಯಿ ಈ ಕಾನೂನು ತಂದದ್ದು 2012ರಲ್ಲಿ. ಎಷ್ಟೋ ರಾಜ್ಯಗಳ ಮೊದಲ ಕರಡಿನಲ್ಲಿ ಪೊಲೀಸರಿದ್ದರು, ಅಗ್ನಿಶಾಮಕದವರಿದ್ದರು, ಟೋ ಟ್ರಕ್‌ನವನಿರಲಿಲ್ಲ. ಕೇಳಿ ಕೇಳಿ ಸೇರಿಸಿಕೊಂಡರು.

ತೂಕದ ಕಥೆ ಇನ್ನೂ ಚೆನ್ನಾಗಿದೆ. ಅಂತರರಾಜ್ಯ ಹೆದ್ದಾರಿಯಲ್ಲಿ ಒಟ್ಟು ತೂಕದ ಮಿತಿ 80,000 ಪೌಂಡ್. ಅಷ್ಟೇ ತೂಕದ ಟ್ರಕ್ ಕೆಟ್ಟು ನಿಂತರೆ? ಎಳೆಯುವ ಗಾಡಿಗೂ ಸ್ವಂತ ತೂಕ ಇರುತ್ತೆ ಅಲ್ವಾ? ಎರಡೂ ಸೇರಿದರೆ ಮಿತಿ ದಾಟಲೇಬೇಕು. ಇಷ್ಟು ಸರಳ ಲೆಕ್ಕಕ್ಕೆ ಕಾಂಗ್ರೆಸ್ಸು ವಿನಾಯಿತಿ ಬರೆದದ್ದು 2015ರಲ್ಲಿ! ಕೈಗೆ ಗ್ರೀಸ್ ಮೆತ್ತಿದವರು ಹೋಗಿ ಹೇಳದಿದ್ದರೆ ಸೂಟಿನವರಿಗೆ ಅದು ಹೊಳೆಯುವುದಾದರೂ ಹೇಗೆ?

ದೊಡ್ಡ ಕಂಪನಿಗಳು ವಾಷಿಂಗ್ಟನ್‌ನಲ್ಲಿ ವರ್ಷವಿಡೀ ಠಿಕಾಣಿ ಹೂಡಿದರೆ ಅದನ್ನು ವ್ಯವಹಾರ ಅನ್ನುತ್ತೇವೆ. ಸರಪಳಿ ಎಳೆಯುವವನು ಒಂದು ದಿನ ಹೋದರೆ ಲಾಬಿ! ನಮ್ಮ ಸಿಟ್ಟು ಬೀಳುವುದು ಯಾವಾಗಲೂ ಕಣ್ಣಿಗೆ ಕಾಣುವ ಕೈ ಮೇಲೆ. ನಿಮ್ಮ ಕಾರನ್ನು ಎತ್ತಿಕೊಂಡು ಹೋಗಿ ಅಂತ ಟೋ ಕಂಪನಿಯ ಜೊತೆ ಕರಾರು ಮಾಡಿಕೊಂಡವರು ಯಾರು ಅಂತ ವಿಚಾರಿಸಿದಿರಾ? ಪತ್ರಿಕೆ ತಡವಾದಾಗಲೂ ಹೀಗೇ. ಬೈಗುಳ ಅಂಚೆಯವನಿಗೆ ಹೋಗುತ್ತೆ. ಅಚ್ಚಿಗೆ ತಡವಾಗಿ ಕಳಿಸಿದವನು ನಾನು. ಈ ಸಂಚಿಕೆಯೂ ಎರಡು ದಿನ ತಡ.