ಎಡವಿದಾಗ ಏಟು ಮೊದಲು, ನೋವು ಆಮೇಲೆ ಏಕೆ?

ಕಾಲ್ಬೆರಳು ಹೊಸ್ತಿಲಿಗೆ ತಗುಲಿದರೆ ಏಟು ಬಿದ್ದದ್ದು ತಕ್ಷಣ ಗೊತ್ತಾಗುತ್ತದೆ, ಜೀವ ಹಿಂಡುವ ನೋವು ಮಾತ್ರ ಸ್ವಲ್ಪ ಬಿಟ್ಟು ಬರುತ್ತದೆ, ಮಿದುಳು ಅಷ್ಟು ನಿಧಾನವೇ ಎಂದು ಕೇಳಿದ್ದೀರಿ. ನಿಧಾನ ಮಿದುಳಿನದಲ್ಲ, ಅಲ್ಲಿಗೆ ಸುದ್ದಿ ಒಯ್ಯುವ ನರತಂತುಗಳದ್ದು.

ಬೆರಳಿನಿಂದ ಬೆನ್ನುಹುರಿಗೆ ಹೆಚ್ಚುಕಡಿಮೆ ಒಂದು ಮೀಟರ್ ದೂರ. ಒಂದೊಂದು ನರಕೋಶದ ಒಂದೇ ಎಳೆ, ಅಂದರೆ ಆಕ್ಸಾನ್, ನಡುವೆ ಎಲ್ಲೂ ತುಂಡಾಗದೆ ಅಷ್ಟುದ್ದ ಚಾಚಿರುತ್ತದೆ. ಒಂದೇ ನರದೊಳಗೆ ಇಂಥ ಹಲವು ಬಗೆಯ ಎಳೆಗಳಿವೆ. ಸ್ಪರ್ಶ ಒಯ್ಯುವ ದಪ್ಪ ಎ-ಬೀಟಾ ತಂತುವಿನ ವೇಗ ಸೆಕೆಂಡಿಗೆ 35ರಿಂದ 75 ಮೀಟರ್. ಚುಚ್ಚಿದಂಥ ಮೊದಲ ನೋವನ್ನು ತರುವ ಎ-ಡೆಲ್ಟಾ ತಂತುವಿನದು 5ರಿಂದ 30. ಉರಿ, ಮಿಡಿತದ ಎರಡನೇ ನೋವು ಸಿ ತಂತುವಿನ ಪಾಲು. ಅದರ ವೇಗ 0.5ರಿಂದ 2 ಮೀಟರ್ ಅಷ್ಟೆ, ನಾವು ನಡೆಯುವಷ್ಟು. ಲೆಕ್ಕ ಹಾಕಿ: ಏಟಿನ ಸುದ್ದಿ ಬೆನ್ನುಹುರಿ ಮುಟ್ಟಲು 0.02 ಸೆಕೆಂಡು, ಉರಿಗೆ ಸುಮಾರು 1 ಸೆಕೆಂಡು.

ನರದಲ್ಲಿ ಹರಿಯುವುದು ತಂತಿಯಲ್ಲಿನ ವಿದ್ಯುತ್ತಿನಂಥದ್ದಲ್ಲ. ಸುಮ್ಮನಿರುವಾಗ ಎಳೆಯ ಒಳಗೆ ಹೊರಗಿಗಿಂತ 70 ಮಿಲಿವೋಲ್ಟ್‌ನಷ್ಟು ಋಣ ವಿಭವವಿರುತ್ತದೆ. ಎಳೆಯ ಗೋಡೆಯಲ್ಲಿರುವ ಸೋಡಿಯಂ ಬಾಗಿಲುಗಳು ತೆರೆದು ಸೋಡಿಯಂ ಅಯಾನುಗಳು, ಅಂದರೆ ಧನ ವಿದ್ಯುದಂಶವುಳ್ಳ ಕಣಗಳು, ಒಳನುಗ್ಗಿದಾಗ ಅದು ಒಂದು ಕ್ಷಣ ಧನವಾಗುತ್ತದೆ. ಅದೇ ಪಕ್ಕದ ಬಾಗಿಲನ್ನು ತೆರೆಸುತ್ತದೆ. ದಪ್ಪ ಎಳೆಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದ್ದು, ಮಿಲಿಮೀಟರಿಗೊಂದರಂತೆ ಇರುವ ಸಂದುಗಳಲ್ಲಿ ಮಾತ್ರ ಈ ಕೆಲಸ ನಡೆದರೆ ಸಾಕು. ಸಿ ತಂತುವಿಗೆ ಆ ಹೊದಿಕೆಯೇ ಇಲ್ಲ, ಇಂಚಿಂಚೂ ಬಾಗಿಲು ತೆರೆಯುತ್ತಾ ಸಾಗಬೇಕು. ಏಟು ಜೋರಾದರೆ ಸಂಕೇತ ದೊಡ್ಡದಾಗುವುದಿಲ್ಲ, ಅದೇ ಗಾತ್ರದ್ದು ಪದೇ ಪದೇ ಬರುತ್ತದೆ.

ಹಣೆಗೆ ಏಟು ಬಿದ್ದಾಗ ಗಮನಿಸಿ: ಎರಡು ನೋವು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ದೂರ ಕಡಿಮೆ, ಹಾಗಾಗಿ ಅಂತರವೂ ಕಡಿಮೆ.

ಏಟು ಬಿದ್ದ ಜಾಗವನ್ನು ಉಜ್ಜಿದರೆ ಹಾಯೆನಿಸುವುದಕ್ಕೂ ಕಾರಣವಿದೆ. ಉಜ್ಜುವಿಕೆಯ ಸುದ್ದಿ ದಪ್ಪ ತಂತುಗಳಲ್ಲಿ ಬಂದು, ನೋವಿನ ಸುದ್ದಿಯನ್ನು ಬೆನ್ನುಹುರಿಯಲ್ಲೇ ತಗ್ಗಿಸುತ್ತದೆ. ನೋವಿನ ಸಂಶೋಧಕರಾದ ಮೆಲ್‌ಜ್ಯಾಕ್ ಮತ್ತು ವಾಲ್ 1965ರಲ್ಲಿ ಮುಂದಿಟ್ಟ 'ಗೇಟ್' ಸಿದ್ಧಾಂತದ ತಿರುಳು ಇದು. ಅವರು ಬರೆದ ವಿವರಗಳು ಪೂರ್ತಿ ನಿಲ್ಲಲಿಲ್ಲ, ಮೂಲ ವಿಚಾರ ನಿಂತಿತು.

ಉರಿಗೆ ಬೇರೆ ತಂತುವೇ ಇದೆ ಎಂದು ನಂಬುವುದು ಹೇಗೆ ಅಂದರೆ, ಸ್ಪರ್ಶ, ಉರಿ ಎರಡನ್ನೂ ಬೇರ್ಪಡಿಸಬಹುದು. ನರವನ್ನು ಒತ್ತಿಹಿಡಿದರೆ ದಪ್ಪ ತಂತುಗಳು ಮೊದಲು ಕೆಲಸ ನಿಲ್ಲಿಸುತ್ತವೆ: ಜೋಮು ಹಿಡಿದ ಕಾಲಿಗೆ ಸ್ಪರ್ಶ ತಿಳಿಯದಿದ್ದರೂ ಸೂಜಿ ಚುಚ್ಚಿದರೆ ತಡವಾಗಿ ಉರಿಯಬಹುದು. ಹಲ್ಲಿನ ವೈದ್ಯರು ಕೊಡುವ ಲಿಡೋಕೇನ್ ಚುಚ್ಚುಮದ್ದು ಸೋಡಿಯಂ ಬಾಗಿಲುಗಳನ್ನೇ ಮುಚ್ಚುತ್ತದೆ. ಅಲ್ಲಿ ಸಾಮಾನ್ಯವಾಗಿ ನೋವಿನ ಸಣ್ಣ ತಂತುಗಳು ಮೊದಲು ಸುಮ್ಮನಾಗುತ್ತವೆ. ಹಲ್ಲು ಕೀಳುವಾಗ ಎಳೆದಾಟ ಗೊತ್ತಾಗಿಯೂ ನೋವಾಗದಿರುವುದು ಅದಕ್ಕೇ.