ಮಾಳಿಗೆ ಸೋಲಾರ್‌ಗೆ ಸಬ್ಸಿಡಿ

ಪ್ರಶ್ನೆ: ಮುಳಬಾಗಿಲಿನಲ್ಲಿ ನಮ್ಮದು ಆರ್‌ಸಿಸಿ ಮನೆ, ತಿಂಗಳಿಗೆ 300 ಯೂನಿಟ್ ಖರ್ಚು. ಮಾಳಿಗೆ ಸೋಲಾರ್‌ಗೆ ಸಬ್ಸಿಡಿ ಕೊಡುವ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಎಷ್ಟು ಕಿಲೋವ್ಯಾಟ್ ಹಾಕಿಸಬೇಕು? ಕರೆಂಟ್ ಹೋದಾಗಲೂ ದೀಪ ಉರಿಯುತ್ತದೆಯೇ?

ಉತ್ತರ: 3 ಕಿಲೋವ್ಯಾಟ್ ಸಾಕು. ಒಳ್ಳೆಯ ಬಿಸಿಲಿಗೆ ದಿನಕ್ಕೆ ಸುಮಾರು 12 ಯೂನಿಟ್ ಬರುತ್ತದೆ. ನೆರಳಿಲ್ಲದ 300 ಚದರ ಅಡಿ ಜಾಗ ಬೇಕು. ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ. ಅದಕ್ಕಿಂತ ದೊಡ್ಡದು ಹಾಕಿಸಿದರೂ ಇಷ್ಟೇ. ಪ್ಯಾನೆಲ್‌ನ ಸೆಲ್ ಕೂಡ ಭಾರತದಲ್ಲೇ ತಯಾರಾಗಿರಬೇಕು. ಕೊಟೇಶನ್‌ನಲ್ಲಿ 'ಡಿಸಿಆರ್' (ಸೆಲ್, ಪ್ಯಾನೆಲ್ ಎರಡೂ ದೇಶೀ ತಯಾರಿಕೆ ಎಂಬ ಗುರುತು) ಎಂದು ಬರೆಸಿಕೊಳ್ಳಿ, ಬಾಯಿಮಾತು ನಂಬಬೇಡಿ.

ಅರ್ಜಿಗೆ ಮುಂಚೆ ಬೆಸ್ಕಾಂ ಬಿಲ್ ತೆಗೆದು ನೋಡಿ. ಆರ್‌ಆರ್ ನಂಬರ್ (ನಿಮ್ಮ ವಿದ್ಯುತ್ ಸಂಪರ್ಕದ ಸಂಖ್ಯೆ) ಇನ್ನೂ ತೀರಿಹೋದ ತಂದೆಯವರ ಹೆಸರಲ್ಲಿದ್ದರೆ ಮೊದಲು ಹೆಸರು ಬದಲಾಯಿಸಿ. ಎಷ್ಟೋ ಅರ್ಜಿಗಳು ಸಿಕ್ಕಿಕೊಳ್ಳುವುದು ಇಲ್ಲೇ.

ಕರೆಂಟ್ ಹೋದರೆ ಬ್ಯಾಟರಿಯಿಲ್ಲದ, ಬೆಸ್ಕಾಂ ಲೈನಿಗೆ ಜೋಡಿಸಿದ ಆನ್‌ಗ್ರಿಡ್ ಇನ್ವರ್ಟರ್ ತಾನಾಗಿಯೇ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದಲ್ಲ, ಅದಕ್ಕೆ. ದೀಪ ಬೇಕೆಂದರೆ ಬ್ಯಾಟರಿ ಕೂಡಿಸುವ ಹೈಬ್ರಿಡ್ ಇನ್ವರ್ಟರ್ ಕೇಳಿ, ಖರ್ಚು ಹೆಚ್ಚು.

ಇನ್ನೊಂದು ಮಾತು: ಪ್ಯಾನೆಲ್‌ಗಳನ್ನು ಬೋರ್‌ವೆಲ್‌ನ ಗಡಸು ನೀರಿನಲ್ಲಿ ತೊಳೆದು ಹಾಗೇ ಒಣಗಲು ಬಿಡಬೇಡಿ. ಗಾಜಿನ ಕೆಳ ಅಂಚಲ್ಲಿ ಬಿಳಿ ಉಪ್ಪು ಕಟ್ಟಿ ಉತ್ಪಾದನೆ ಇಳಿಯುತ್ತದೆ. ಮಳೆನೀರು ಹಿಡಿದಿಟ್ಟು, ಬೆಳಗ್ಗೆ ಗಾಜು ತಣ್ಣಗಿರುವಾಗಲೇ ಮೆತ್ತನೆ ಬಟ್ಟೆಯಲ್ಲಿ ಒರೆಸಿ.