ಒಂದೂವರೆ ಡಾಲರಿಗೆ ಕೋಣೆ, ಜೊತೆಗೆ ಸ್ನಾನದ ಮನೆ

ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಹೋಟೆಲ್ ಉದ್ಯಮಿ ಎಲ್ಸ್‌ವರ್ತ್ ಸ್ಟ್ಯಾಟ್ಲರ್ ಬಗ್ಗೆ ಬರೆದಿದ್ದೀರಿ. ಪ್ಯಾರಿಸಿನ ರಿಟ್ಜ್ ಹೋಟೆಲಿನಲ್ಲಿ 1898ರಲ್ಲೇ ಕೋಣೆಗಳಿಗೆ ಸ್ನಾನದ ಮನೆ ಇತ್ತು. ಮತ್ತೆ ಇವರು ಮಾಡಿದ ಹೊಸದೇನು? ದುಡ್ಡಿದ್ದವರು ಹೋಟೆಲ್ ಕಟ್ಟಿದರು, ಅಷ್ಟೇ ಅಲ್ವಾ? ಅವರ ಹೋಟೆಲುಗಳು ಈಗಲೂ ಇವೆಯಾ? – ಓದುಗರು, ಶಿವಮೊಗ್ಗ

ಉತ್ತರ: ನಮಸ್ಕಾರ. ರಿಟ್ಜ್ ವಿಷಯ ನೀವು ಹೇಳಿದ್ದು ನಿಜ. ಆದರೆ ಅಲ್ಲಿ ಇಳಿದುಕೊಳ್ಳುತ್ತಿದ್ದವರು ರಾಜಮನೆತನದವರು, ಭಾರೀ ಶ್ರೀಮಂತರು. ಊರೂರು ಸುತ್ತಿ ಸಾಮಾನು ಮಾರುವ ಸೇಲ್ಸ್‌ಮನ್‌ಗೆ ಆಗ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಕೋಣೆಯಲ್ಲೊಂದು ನೀರಿನ ಹೂಜಿ, ಒಂದು ಬೋಗುಣಿ. ಸ್ನಾನ ಬೇಕೆಂದರೆ ಕಾರಿಡಾರಿನ ಕೊನೆಗೆ ಹೋಗಿ ಸರದಿ ಕಾಯಬೇಕು. ಸ್ಟ್ಯಾಟ್ಲರ್ ತಲೆ ಕೆಡಿಸಿಕೊಂಡದ್ದು ಈ ಗಿರಾಕಿಗಾಗಿ.

'ದುಡ್ಡಿದ್ದವರು' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅವರು ಹುಟ್ಟಿದ್ದು 1863ರಲ್ಲಿ, ಪೆನ್ಸಿಲ್ವೇನಿಯಾದ ಬಡ ಪಾದ್ರಿಯೊಬ್ಬರ ಮನೆಯಲ್ಲಿ. ಒಂಬತ್ತನೇ ವಯಸ್ಸಿಗೇ ಗಾಜಿನ ಕಾರ್ಖಾನೆಯಲ್ಲಿ ದುಡಿದರು. ಹದಿಮೂರಕ್ಕೆ ವೀಲಿಂಗ್ ಪಟ್ಟಣದ ಮೆಕ್‌ಲೂರ್ ಹೌಸ್ ಹೋಟೆಲಿನಲ್ಲಿ ಬೆಲ್‌ಬಾಯ್ ಆದರು. ಗಿರಾಕಿಗಳ ಪೆಟ್ಟಿಗೆ ಹೊರುತ್ತಲೇ ಲೆಕ್ಕ ಬರೆಯುವುದನ್ನೂ ಕಲಿತರು. 1896ರಲ್ಲಿ ಬಫಲೋ ನಗರದಲ್ಲಿ ದೊಡ್ಡ ರೆಸ್ಟೋರೆಂಟ್ ತೆರೆದರೆ ಜನ ಬರಲಿಲ್ಲ, ಅವರಿಗೆಲ್ಲ ಮನೆಗೆ ಹೋಗಿ ಊಟ ಮಾಡುವ ರೂಢಿ. ಸಾಲ ಮೈಮೇಲೆ ಬಂತು. 1901ರ ಬಫಲೋ ವಸ್ತುಪ್ರದರ್ಶನಕ್ಕೆಂದು ಎರಡು ಸಾವಿರಕ್ಕೂ ಜಾಸ್ತಿ ಕೋಣೆಗಳ ತಾತ್ಕಾಲಿಕ ಹೋಟೆಲ್ ಕಟ್ಟಿದರು. ಆ ಪ್ರದರ್ಶನದಲ್ಲೇ ಅಧ್ಯಕ್ಷ ಮೆಕಿನ್ಲಿಗೆ ಗುಂಡು ಬಿತ್ತು. ಅಷ್ಟಾದರೂ ಸ್ಟ್ಯಾಟ್ಲರ್ ಮುಳುಗಲಿಲ್ಲ. 1904ರ ಸೇಂಟ್ ಲೂಯಿಸ್ ಮೇಳದಲ್ಲಿ ಮತ್ತೊಂದು ಅಂಥದ್ದೇ ಹೋಟೆಲ್ ನಡೆಸಿ ಒಳ್ಳೆ ಲಾಭ ಮಾಡಿದರು.

ಆಮೇಲೆ ಬಂದದ್ದು 1908ರ ಬಫಲೋ ಹೋಟೆಲ್. 300 ಕೋಣೆ, ಪ್ರತಿ ಕೋಣೆಗೂ ಸ್ನಾನದ ಮನೆ. ಬಾಡಿಗೆ ಒಂದೂವರೆ ಡಾಲರಿನಿಂದ ಶುರು. ಇಷ್ಟು ಕಡಿಮೆಗೆ ಹೇಗೆ ಸಾಧ್ಯವಾಯಿತು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಗೆ ಉತ್ತರವಿದೆ. ಪಕ್ಕಪಕ್ಕದ ಎರಡು ಕೋಣೆಗಳ ಸ್ನಾನದ ಮನೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಟ್ಟಿಸಿದರು. ನಡುವೆ ಒಂದು ಕಿರಿದಾದ ಕಂಡಿ, ತಳದಿಂದ ತಾರಸಿವರೆಗೆ ನೇರವಾಗಿ. ನೀರಿನ ಕೊಳವೆ, ಕೊಳಚೆ ಕೊಳವೆ, ವಿದ್ಯುತ್ ತಂತಿ ಎಲ್ಲವೂ ಅದರೊಳಗೆ. ಮೇಲಿನ ಮಹಡಿಯ ಸ್ನಾನದ ಮನೆಯೂ ಕೆಳಗಿನದರ ನೆತ್ತಿಯ ಮೇಲೇ ಬರುತ್ತದೆ. ಹಾಗಾಗಿ ಎರಡು ಕೋಣೆಗೆ ಒಂದೇ ಸಾಲು ಕೊಳವೆ ಸಾಕು. ಎಲ್ಲಾದರೂ ಸೋರಿದರೆ ಗೋಡೆ ಒಡೆಯಬೇಕಿಲ್ಲ, ಪ್ಲಂಬರ್ ಆ ಕಂಡಿಯೊಳಗೆ ಹೋಗಿ ರಿಪೇರಿ ಮಾಡಬಹುದು. ಕಟ್ಟುವವರು ಇದನ್ನು ಇವತ್ತಿಗೂ 'ಸ್ಟ್ಯಾಟ್ಲರ್ ಶಾಫ್ಟ್' ಅಂತಲೇ ಕರೆಯುತ್ತಾರೆ. ನಾವು ಲಾಡ್ಜಿನ ಕೌಂಟರಿನಲ್ಲಿ ನಿಂತು "ಅಟ್ಯಾಚ್ಡ್ ಬಾತ್‌ರೂಮ್ ಇದೆಯಾ?" ಅಂತ ಸಲೀಸಾಗಿ ಕೇಳುತ್ತೇವಲ್ಲ, ಸಾಮಾನ್ಯ ಬಾಡಿಗೆಗೆ ಅದು ಸಿಗುವಂತಾಗುವುದರಲ್ಲಿ ಈ ಲೆಕ್ಕಾಚಾರದ ಪಾಲು ದೊಡ್ಡದು. ಇದು ಹೊಸದಲ್ಲದೆ ಮತ್ತೇನು?

ಸಣ್ಣ ವಿಷಯಗಳಲ್ಲೂ ಅದೇ ಕಾಳಜಿ. ದೀಪದ ಸ್ವಿಚ್ ಬಾಗಿಲ ಪಕ್ಕದಲ್ಲೇ, ಕತ್ತಲಲ್ಲಿ ತಡಕಾಡಬೇಕಿಲ್ಲ. ಕೋಣೆಗೊಂದು ಟೆಲಿಫೋನು. ಕುಡಿಯಲು ನಲ್ಲಿಯಲ್ಲೇ ತಣ್ಣೀರು. ಬೆಳಗ್ಗೆ ಪುಕ್ಕಟೆ ಪೇಪರ್. ಗಿರಾಕಿ ಜೊತೆ ವಾದ ಮಾಡಕೂಡದು ಅಂತ ಕೆಲಸದವರಿಗೆ ಬರೆದು ಕೊಟ್ಟ ನಿಯಮವಿತ್ತು. ಬೆಲ್‌ಬಾಯ್ ಆಗಿದ್ದವರಿಗೆ ಗೊತ್ತಿರುತ್ತದೆ, ದಣಿದು ಬಂದವರಿಗೆ ಏನು ಬೇಕು ಅಂತ.

1919ರಲ್ಲಿ ನ್ಯೂಯಾರ್ಕಿನ ರೈಲು ನಿಲ್ದಾಣದ ಎದುರು 2,200 ಕೋಣೆಗಳ ಹೋಟೆಲ್ ಪೆನ್ಸಿಲ್ವೇನಿಯಾ ಶುರುವಾಯಿತು. ಕಟ್ಟಿಸಿದ್ದು ರೈಲ್ವೆ ಕಂಪನಿ, ನಡೆಸಿದ್ದು ಸ್ಟ್ಯಾಟ್ಲರ್. ಅವರು ತೀರಿಕೊಂಡದ್ದು 1928ರಲ್ಲಿ. 1954ರಲ್ಲಿ ಕಾನ್ರಾಡ್ ಹಿಲ್ಟನ್ ಇಡೀ ಸರಣಿಯನ್ನು 11.1 ಕೋಟಿ ಡಾಲರಿಗೆ ಕೊಂಡರು.

ನಿಮ್ಮ ಕೊನೆಯ ಪ್ರಶ್ನೆ. 1908ರ ಆ ಕಟ್ಟಡ ಈಗಿಲ್ಲ. ನ್ಯೂಯಾರ್ಕಿನದನ್ನೂ ಈಚೆಗೆ ಕೆಡವಿದರು, ನನಗಂತೂ ತುಂಬಾ ಬೇಸರವಾಯಿತು. ಬಫಲೋದಲ್ಲಿ ಅವರು 1923ರಲ್ಲಿ ಕಟ್ಟಿದ ಎರಡನೇ ಹೋಟೆಲಿನ ಕಟ್ಟಡ ಇನ್ನೂ ನಿಂತಿದೆ. ಬಾಸ್ಟನ್ನಿಗೆ ಹೋಗುವವರು ಯಾರಾದರೂ ನಿಮಗೆ ಪರಿಚಯವಿದ್ದರೆ ಪಾರ್ಕ್ ಪ್ಲಾಜಾ ಹೋಟೆಲಿಗೆ ಹೋಗಲು ಹೇಳಿ. 1927ರಲ್ಲಿ ಸ್ಟ್ಯಾಟ್ಲರ್ ಕೋಣೆಕೋಣೆಗೂ ರೇಡಿಯೋ ಕೊಟ್ಟು ತೆರೆದ ಹೋಟೆಲ್ ಅದೇ.

– ಸಂಪಾದಕ